ಹುಣಸೂರಿನ ಶಾಂತಿ ಶಿಬಿರಕ್ಕೆ ಅತ್ತೆಯೂ ಬಂದದ್ದು

ಐವತ್ತರ ದಶಕದ ಮಾತು. ಗಾವಡಗೆರೆಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮೇಡಮ್ಮನಾಗಿದ್ದೆ. ಬೇಸಿಗೆ ರಜೆ ಹತ್ತಿರ ಬಂದಿದ್ದಾಗ ಸ್ಕೂಲ್ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಮಗ್ಗಿ ಹೇಳಿಸಿ, ಎಳನೀರು ಕುಡಿದು, ಸೈಕಲ್ಲಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಹೊರಡುವ ಹೊತ್ತಿಗೆ ನೆನಪಾದವರಂತೆ ಒಂದು ಸುದ್ದಿ ಹೇಳಿದರು. ರಜೆಯಲ್ಲಿ ಹುಣಸೂರಿನಲ್ಲಿ ಉಪಾಧ್ಯಾಯರಿಗೆ ಒಂದು ತರಬೇತಿ ಶಿಬಿರವಂತೆ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯವರೂ ಬರುತ್ತಾರಂತೆ. ವಿಷಯ, ಶಾಂತಿ ಶಿಕ್ಷಣ ಮತ್ತು ಮಾನವ ಹಕ್ಕುಗಳು. ಹೆಂಗಸರೂ ಇರಬೇಕೆಂದು ಮೇಲಿನವರ ಅಪ್ಪಣೆ.

"ಈ ಕಡೆ ಇರೋ ಹೆಂಗಸು ಅಂದ್ರೆ ನೀವೊಬ್ಬರೇ. ಹೋಗಿಬನ್ನಿ" ಎಂದು ಹೇಳಿ ಸೈಕಲ್ ಹತ್ತಿದರು.

ನನಗೆ ಒಳಗೊಳಗೇ ಹಿಗ್ಗು. ಕೃಷ್ಣರಾಜನಗರದ ತವರಿನಲ್ಲಿ ಪುಸ್ತಕದ ನಡುವೆ ಬೆಳೆದವಳು ನಾನು. ಮದುವೆಯಾಗಿ ಬಂದ ಮೇಲೆ ಓದಿದ್ದೆಲ್ಲ ಒಂದನೇ ತರಗತಿಯ ಪಾಠಗಳೇ. ಮತ್ತೆ ಬೆಂಚಿನ ಮೇಲೆ ಕೂತು, ಇನ್ನೊಬ್ಬರು ಹೇಳಿದ್ದನ್ನು ಕೇಳುವ ಸುಖ ಸಿಗುತ್ತದಲ್ಲ ಎಂದು ಆಸೆಯಾಯಿತು. ಮನೆಯಲ್ಲಿ ಒಪ್ಪಿಸುವುದೊಂದು ಬಾಕಿ.

ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ವಿಷಯ ತಿಳಿಸಿದೆ.

"ಶಾಂತಿ ಮಾಡ್ಸಕ್ಕೆ ಅಯ್ನೋರಿಲ್ವಾ? ಅದ್ನೂ ಸರ್ಕಾರ ಮೇಡಮ್ಮಂದ್ರಿಗೆ ಕಲಿಸ್ತದಾ?" ಎಂದರು.

"ಗ್ರಹಶಾಂತಿ ಅಲ್ಲ ಅತ್ತೆ. ಜಗಳ ಇಲ್ಲದೆ ಬಾಳೋದು ಹೆಂಗೆ ಅಂತ ಹೇಳಿಕೊಡ್ತಾರೆ."

"ಅದ ಕಲಿಯಕ್ಕೆ ಉಣ್ಸೂರ್‌ಗಂಟ ಯಾಕೋದಿಯೆ? ನನ್ನ ನೋಡಿ ಕಲ್ತ್ಕೊ."

ಅವರು ಹೇಳಿದ್ದು ತಮಾಷೆಗಲ್ಲ. ತಾವು ಸಾಧು ಎಂಬ ವಿಷಯದಲ್ಲಿ ಅತ್ತೆಗೆ ಯಾವ ಅನುಮಾನವೂ ಇರಲಿಲ್ಲ. ಆದರೆ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಗೋಡೆಯಿತ್ತು. ಪಕ್ಕದಲ್ಲಿದ್ದವರು ಅತ್ತೆಯ ಓರಗಿತ್ತಿ, ನನಗೆ ಚಿಕ್ಕತ್ತೆ. ನಾನು ಸೊಸೆಯಾಗಿ ಬರುವ ಮೊದಲೇ ಅಣ್ಣತಮ್ಮಂದಿರು ಪಾಲಾಗಿ, ಒಂದೇ ಮನೆಯ ನಟ್ಟನಡುವೆ ಆ ಗೋಡೆ ಎದ್ದಿತ್ತು. ಪಾಲು ಮಾಡುವಾಗ ಹಜಾರದ ಮೂಲೆಯಲ್ಲಿದ್ದ ರಾಗಿ ಬೀಸುವ ಕಲ್ಲು ಚಿಕ್ಕತ್ತೆಯ ಕಡೆಗೆ ಉಳಿದುಹೋಯಿತು. ಆ ಕಲ್ಲು ಅತ್ತೆಯ ಮದುವೆಯಲ್ಲಿ ಅವರ ತವರಾದ ಸರಗೂರಿನಿಂದ ಗಾಡಿಯ ಮೇಲೆ ಬಂದದ್ದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಎಂದರೆ ನೇರ ಮಾತಿಲ್ಲ. ಅತ್ತೆ ನಮ್ಮ ಬೆಕ್ಕಿಗೆ ಬಯ್ಯುತ್ತಿದ್ದರು. "ಇನ್ನೊಬ್ಬರ ಸಾಮಾನು ಇಟ್ಕೊಂಡು ತಿಂದ್ರೆ ಮೈಗೆ ಅತ್ತದೇನೆ?" ಎಂದು ಬೆಕ್ಕನ್ನು ಕೇಳಿದರೆ, ಗೋಡೆಯ ಆಚೆಯಿಂದ ಚಿಕ್ಕತ್ತೆ ತಮ್ಮ ಎಮ್ಮೆಗೆ ಉತ್ತರ ಕೊಡುತ್ತಿದ್ದರು. "ಬೊಗಳೋರ್ ಬೊಗಳ್ಲಿ ಬುಡು, ನೀ ಹುಲ್ ತಿನ್ನು" ಎಂದು. ಬೆಕ್ಕಿಗೂ ಎಮ್ಮೆಗೂ ಇದು ಅಭ್ಯಾಸವಾಗಿಬಿಟ್ಟಿತ್ತು. ಯಾವುದೂ ತಲೆಯೆತ್ತಿ ನೋಡುತ್ತಿರಲಿಲ್ಲ.

ನನ್ನ ಯಜಮಾನರಿಗೆ ಶಿಬಿರದ ವಿಷಯ ಅರ್ಥವಾಗಲಿಲ್ಲ. ಹಕ್ಕು ಎಂದರೆ ಅವರ ಮಟ್ಟಿಗೆ ಜಮೀನಿನ ಹಕ್ಕು. "ನಮ್ ಕೆರೆ ಪಕ್ಕದ ಒಲದ ವಿಷ್ಯ ಅಲ್ಲಿ ಕೇಳ್ಬೌದಾ?" ಎಂದು ವಿಚಾರಿಸಿದರು. ಕೇಳುವುದಕ್ಕೆ ಆಗುವುದಿಲ್ಲ ಎಂದ ಮೇಲೆ ಅವರ ಆಸಕ್ತಿ ಮುಗಿಯಿತು. ಆದರೆ ಸೊಸೆ ಒಬ್ಬಳೇ ಪರಸ್ಥಳದಲ್ಲಿ ಅಷ್ಟು ದಿನ ಇರುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅದನ್ನು ಅತ್ತೆಯೇ ತೀರ್ಮಾನಿಸಿದರು.

"ನಾನೂ ಬತ್ತೀನಿ" ಎಂದರು.

ಹೀಗೆ ಗಾವಡಗೆರೆಯವರೆಗೆ ಗಾಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ, ಅತ್ತೆಸೊಸೆ ಇಬ್ಬರೂ ಶಾಂತಿ ಕಲಿಯಲು ಹುಣಸೂರಿಗೆ ಹೋದೆವು. ಶಿಬಿರ ನಡೆದದ್ದು ಒಂದು ಶಾಲೆಯ ಕಟ್ಟಡದಲ್ಲಿ. ನಡೆಸಿಕೊಡಲು ಮೈಸೂರಿನಿಂದ ಬಂದಿದ್ದವರು ಖಾದಿ ಜುಬ್ಬದ ವಯಸ್ಸಾದ ಮೇಷ್ಟ್ರು. ಬಹಳ ಮೆಲುದನಿ. ಮೊದಲ ದಿನ ಅವರು ಜಗತ್ತಿನ ಕಲಹಗಳಿಗೆ ಮೂಲ ಏನು ಎಂಬ ವಿಷಯ ಆರಿಸಿಕೊಂಡು ಕಪ್ಪು ಹಲಗೆಯ ಮುಂದೆ ನಿಂತರೆ ಎದುರಿಗೆ ಅರ್ಧ ಬೆಂಚು ಖಾಲಿ. ಬಾವಿಕಟ್ಟೆಯಲ್ಲಿದ್ದದ್ದು ಒಂದೇ ಕೊಡಪಾನ. ಅದಕ್ಕಾಗಿ ಪಿರಿಯಾಪಟ್ಟಣದ ಉಪಾಧ್ಯಾಯರಿಗೂ ಕೃಷ್ಣರಾಜನಗರದವರಿಗೂ ಜಗಳ ಹತ್ತಿಕೊಂಡು, ಸ್ನಾನವಾದವರು ಆಗದವರೆಲ್ಲ ಅಲ್ಲೇ ನಿಂತಿದ್ದರು. ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡು, ಕಿಟಕಿಯಿಂದ ಆ ಗಲಾಟೆ ಕೇಳುತ್ತಾ, ಅದು ಮುಗಿಯುವವರೆಗೆ ತಾಳ್ಮೆಯಿಂದ ಕಾದರು.

ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕುವವರಲ್ಲ. ಪೂಜೆ, ತಿಂಡಿ ಎಲ್ಲ ಆದ ಮೇಲೆ ಕೋಣೆಯ ಹಿಂಭಾಗದಲ್ಲಿ ಚಾಪೆ ಹಾಸಿಕೊಂಡು, ಅರಳೆಯಿಂದ ಬತ್ತಿ ಹೊಸೆಯುತ್ತಾ ಕೂರುತ್ತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಮೊದಲು ತಿಳಿಯಲಿಲ್ಲ. ಹುಟ್ಟಿದ ಮನುಷ್ಯರೆಲ್ಲ ಸಮಾನರು ಎಂದು ಮೇಷ್ಟ್ರು ಹೇಳಿದಾಗ ಒಂದು ಬತ್ತಿ ಹೊಸೆದಿಟ್ಟರು. ವಾಕ್‌ಸ್ವಾತಂತ್ರ್ಯದ ವಿಷಯ ಬಂದಾಗ ಇನ್ನೊಂದು ಹೊಸೆದಿಟ್ಟರು. ಅದು ತಮಗೆ ಮೊದಲಿನಿಂದಲೂ ಇದ್ದದ್ದೇ ಎಂದು ಅನಿಸಿರಬೇಕು. ಕೋಟೆ ಕಡೆಯ ಒಬ್ಬ ಉಪಾಧ್ಯಾಯರು ಎದ್ದು, "ಬತ್ತದ ಗದ್ದೆಗೆ ಆನೆ ಬಂದ್ರೆ ಅದರ ಜೊತೆ ಶಾಂತಿ ಮಾಡ್ಕೊಳೋದು ಹೆಂಗೆ ಸ್ವಾಮಿ?" ಎಂದು ಕೇಳಿದರು. ಅವರು ಯಾವ ಪಾಠವಾದರೂ ಅದೇ ಪ್ರಶ್ನೆ ಕೇಳುತ್ತಿದ್ದರು.

ಮೂರನೆಯದೋ ನಾಲ್ಕನೆಯದೋ ದಿನ ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರು, ದುಡಿಯುವ ಮನುಷ್ಯನಿಗೆ ವಿಶ್ರಾಂತಿಯೂ ಒಂದು ಹಕ್ಕು ಎಂದು ವಿವರಿಸತೊಡಗಿದರು. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಮೇಷ್ಟ್ರೆ, ಇದು ಗಂಡಸ್ರಿಗೊ, ಎಂಗಸ್ರಿಗೂವೊ?"

ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಮೇಷ್ಟ್ರು, "ಇಬ್ಬರಿಗೂ ತಾಯಿ. ಹೆಂಗಸರಿಗೆ ಒಂದು ಕೈ ಜಾಸ್ತಿನೇ ಅನ್ನಿ" ಎಂದರು.

"ಮನೇಲಿ ಸೊಸೆ ಬಂದೋರ್ಗೂ ಅದೆಯಾ?"

"ಇದೆ. ಸೊಸೆಗೂ ಇದೆ, ಅತ್ತೆಗೂ ಇದೆ."

ಅತ್ತೆ ಬತ್ತಿಯ ಬುಟ್ಟಿ ಪಕ್ಕಕ್ಕಿಟ್ಟು, ಸೆರಗು ಮಡಿಸಿ ತಲೆದಿಂಬು ಮಾಡಿಕೊಂಡು, ಅಲ್ಲೇ ಮಲಗಿಬಿಟ್ಟರು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಎಬ್ಬಿಸಲು ಹೋದ ನನ್ನನ್ನು ಮೇಷ್ಟ್ರು ಕೈಸನ್ನೆಯಿಂದ ತಡೆದು, ಮೊದಲೇ ಮೆಲ್ಲಗಿದ್ದ ದನಿಯನ್ನು ಇನ್ನೂ ತಗ್ಗಿಸಿಕೊಂಡು ಪಾಠ ಮುಂದುವರಿಸಿದರು. ಅವತ್ತಿನ ಪಾಠ ಮುಂದಿನ ಬೆಂಚಿನವರಿಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ಶಿಬಿರದ ಕೊನೆಯ ಕೆಲವು ದಿನ ಅಭ್ಯಾಸ ಪಾಠ. ಇಬ್ಬರು ಎದ್ದು ಬಂದು ಒಂದು ಜಗಳವನ್ನು ಆಡಿ ತೋರಿಸಬೇಕು. ಆಮೇಲೆ ಜಾಗ ಬದಲಾಯಿಸಿಕೊಂಡು, ಎದುರಾಳಿಯ ಕಡೆಯಿಂದ ಮಾತಾಡಬೇಕು. ಎದುರಿನವರ ಕಷ್ಟ ತನ್ನ ಬಾಯಿಂದಲೇ ಬಂದರೆ ಜಗಳದ ಬಿಸಿ ಇಳಿಯುತ್ತದೆ ಎಂಬುದು ಮೇಷ್ಟ್ರ ನಂಬಿಕೆ. ಬಾವಿಕಟ್ಟೆಯಲ್ಲಿ ಅಷ್ಟು ಚೆನ್ನಾಗಿ ಕಚ್ಚಾಡಿದ್ದ ಉಪಾಧ್ಯಾಯರು ಹಲಗೆಯ ಮುಂದೆ ಬಂದು ನಿಂತರೆ ಬಾಯೇ ಬಾರದು. "ತಾವು ನನ್ನ ಹೊಲದ ಬದುವನ್ನು ಒತ್ತಿದ್ದೀರಿ." "ಕ್ಷಮಿಸಬೇಕು, ನಾನು ಒತ್ತಿಲ್ಲ." ಅಲ್ಲಿಗೆ ಮುಗಿಯಿತು. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು.

"ಇದೂ ಒಂದ್ ಜಗಳವಾ?" ಎಂದರು ಅತ್ತೆ ಹಿಂದಿನಿಂದ.

"ನೀವು ಬಂದು ತೋರಿಸ್ತೀರಾ ತಾಯಿ?"

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ಮೇಷ್ಟ್ರು ಒಂದು ಖಾಲಿ ಕುರ್ಚಿ ತೋರಿಸಿ, ನಿಮ್ಮ ಎದುರಾಳಿ ಇಲ್ಲಿ ಕೂತಿದ್ದಾರೆ ಎಂದುಕೊಳ್ಳಿ ಎಂದರು. ಎಂದುಕೊಳ್ಳುವುದಕ್ಕೆ ಅತ್ತೆಗೆ ಕಷ್ಟವೇ ಆಗಲಿಲ್ಲ. ಅಷ್ಟು ವರ್ಷ ಬೆಕ್ಕಿನ ಮುಖಾಂತರ ಚೂರುಚೂರಾಗಿ ಆಡಿದ್ದನ್ನೆಲ್ಲ ಒಟ್ಟಿಗೆ, ನೇರವಾಗಿ, ಕುರ್ಚಿಗೆ ಆಡಿದರು. ಕಲ್ಲು ಸರಗೂರಿನಿಂದ ಹೊರಟದ್ದರಿಂದ ಹಿಡಿದು, ಗಾಡಿಯ ಎತ್ತು ಕುಂಟಿದ್ದು, ತಮ್ಮ ಅಪ್ಪ ಹೆಗಲು ಕೊಟ್ಟು ಅದನ್ನು ಇಳಿಸಿದ್ದು, ಎಲ್ಲವೂ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವರು ಕಿಟಕಿಗೆ ಬಂದು ಮುಖವೊಡ್ಡಿದರು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಕೋಟೆಯ ಉಪಾಧ್ಯಾಯರು ನನ್ನ ಕಡೆ ಬಗ್ಗಿ, "ಇವರನ್ನ ನಮ್ ಊರ್ಗೆ ಕಳಿಸಿಕೊಡಿ ಮೇಡಂ, ಆನೆ ವಿಚಾರ ಒಂದು ತೀರ್ಮಾನ ಆಗ್ತದೆ" ಎಂದು ಪಿಸುಗುಟ್ಟಿದರು.

ಅತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ ಮೇಷ್ಟ್ರು, "ಬಹಳ ಚೆನ್ನಾಗಿತ್ತು. ಈಗ ಆ ಕುರ್ಚಿ ಮೇಲೆ ಕೂತ್ಕೊಳಿ. ನೀವೇ ನಿಮ್ಮ ಓರಗಿತ್ತಿ. ಅವರು ಏನು ಹೇಳ್ತಾರೆ, ಹೇಳಿ" ಎಂದರು.

"ಅವ್ಳೇನ್ ಹೇಳಾಳು" ಎನ್ನುತ್ತಲೇ ಅತ್ತೆ ಕೂತರು. ಕೂತವರು ಚಿಕ್ಕತ್ತೆ ಕೂರುವಂತೆಯೇ ಒಂದು ಮಂಡಿ ಎತ್ತಿ, ಗಲ್ಲಕ್ಕೆ ಕೈಯಿಟ್ಟರು. ದನಿಯೂ ಅದೇ, ಸ್ವಲ್ಪ ಮೂಗಿನಲ್ಲಿ ಬರುವಂಥದು. ನನಗೆ ನಗು ತಡೆಯಲಾಗಲಿಲ್ಲ.

"ಕಲ್ಲು ನಿಮ್ಮಪ್ಪನ ಮನೇದೆಯ, ಇಲ್ಲ ಅಂದೋರ್ಯಾರಕ್ಕ? ನಾ ಈ ಮನೇಗ್ ಬಂದಾಗ ಲಂಗ ಉಡೋ ಉಡುಗಿ. ನೀ ಬಾಣ್ತಿ ಅಂತ ಕ್ವಾಣೆ ಸೇರ್ಕಂಡೆ. ನಿನ್ ಪಾಲಿನ ರಾಗಿನೂ ನಾನೇ ಬೀಸ್ದೆ. ಕೈ ಬೊಬ್ಬೆ ಬಂದು ಮುದ್ದೆ ಮುರಿಯಕ್ಕಾಗ್ದೆ ಅಳ್ತಾ ಕುಂತಿದ್ದೆ. ನೀನೇ ತಾನೆ ತುತ್ತು ಮಾಡಿ ಬಾಯ್ಗೆ ಇಟ್ಟೋಳು. ಆ ಕಲ್ಲು ಸವ್ದಿರೋದು ನನ್ ಕೈಲಿ ಕಣಕ್ಕ. ಅದ್ನ ಗೋಡೆ ಆಚೆಗ್ ಕೊಡು ಅಂದ್ರೆ ನಾ ಎಂಗ್ ಕೊಡ್ಲಿ?"

ಮೂಗಿನ ದನಿ ಹೋಗಿ ಅತ್ತೆಯ ಸ್ವಂತ ದನಿ ಬಂದು, ಅದೂ ನಿಂತುಹೋಯಿತು. ಅತ್ತೆ ಕುರ್ಚಿಯಿಂದ ಎದ್ದು, "ಸಾಕು ಬುಡಿ ಮೇಷ್ಟ್ರೆ" ಎಂದು ಹೊರಗೆ ಹೋದರು. ನಾನು ಹಿಂದೆ ಹೋದಾಗ ಬಾವಿಕಟ್ಟೆಯ ಮೇಲೆ ಕೂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು.

"ಅದೆಲ್ಲ ನಂಗೆ ಗೊತ್ತಿತ್ತು ಅಂತ್ಲೇ ನಂಗೆ ಗೊತ್ತಿರ್ನಿಲ್ಲ ಕಣಮ್ಮಿ" ಎಂದರು. ಅದರ ಮೇಲೆ ಶಿಬಿರ ಮುಗಿಯುವವರೆಗೆ ಆ ಮಾತು ಎತ್ತಲಿಲ್ಲ. ಮಧ್ಯಾಹ್ನದ ವಿಶ್ರಾಂತಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಊರಿಗೆ ಬಂದ ದಿನ ಅತ್ತೆ ಗಾಡಿಯಿಂದ ಇಳಿದವರು ನಮ್ಮ ಬಾಗಿಲಿಗೆ ಬರಲಿಲ್ಲ. ಗಂಟನ್ನು ನನ್ನ ಕೈಗೆ ಕೊಟ್ಟು, ಪಕ್ಕದ ಮನೆಯ ಮುಂದೆ ಹೋಗಿ ನಿಂತರು. ಚಿಕ್ಕತ್ತೆ ಎಮ್ಮೆಗೆ ಕಲಗಚ್ಚು ಇಡುತ್ತಿದ್ದವರು ಗಾಬರಿಯಿಂದ ನೆಟ್ಟಗಾದರು.

"ಉಣ್ಸೂರಲ್ಲಿ ನಿನ್ ಪರ್ವಾಗಿ ಜಗಳ ಆಡ್ದೆ ಕಣೆ" ಎಂದರು ಅತ್ತೆ.

ಚಿಕ್ಕತ್ತೆ ಸುತ್ತ ನೋಡಿದರು. ಬೆಕ್ಕು ಎಲ್ಲೂ ಇರಲಿಲ್ಲ. ಮಾತು ತಮಗೇ ಎಂದು ಖಾತ್ರಿಯಾದ ಮೇಲೆ, "ಯಾರ್ ಮೇಲೆ?" ಎಂದರು.

"ನನ್ ಮೇಲೆ."

"ಯಾರ್ ಗೆದ್ರು?"

"ನೀನೆಯ."

ಚಿಕ್ಕತ್ತೆ ಬಾನಿಯನ್ನು ಕೆಳಗಿಟ್ಟರು. "ಏನೇನ್ ಅಂದೆ ಹೇಳು ನೋಡಾನ" ಎಂದರು. ಅತ್ತೆ ಜಗಲಿಯ ಮೇಲೆ ಮಂಡಿ ಎತ್ತಿ ಕೂತು, ಮೂಗಿನ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಬೊಬ್ಬೆಯ ಕೈ, ಮುದ್ದೆಯ ತುತ್ತು ಎಲ್ಲ. ಚಿಕ್ಕತ್ತೆ ತೀರ್ಪುಗಾರರಂತೆ ಕೇಳಿದರು. ಕಣ್ಣಲ್ಲಿ ನೀರು ಬಂದಿತ್ತು, ಆದರೂ ಬಿಡಲಿಲ್ಲ.

"ಒಂದ್ ಬುಟ್ಬುಟ್ಟಿದ್ದೀಯ. ನಿನ್ ಮಗಂಗೆ ದಡಾರ ಆದಾಗ ರಾತ್ರಿಯೆಲ್ಲ ಎತ್ಕೊಂಡಿದ್ದೋಳು ನಾನು. ಅದ ಹೇಳ್ನಿಲ್ಲ."

"ಮರ್ತೆ ಕಣೆ."

"ಇನ್ನೊಂದ್ಸಲ ಹೇಳು, ಅದ್ನೂ ಸೇರ್ಸಿ."

ಅತ್ತೆ ಇನ್ನೊಂದು ಸಲ ಹೇಳಿದರು. ಆಮೇಲೆ ಚಿಕ್ಕತ್ತೆ, ಈಗ ನಾನು ನೀನಾಗ್ತೀನಿ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತು, ಅತ್ತೆಯ ಗಂಟಲನ್ನೇ ಅನುಕರಿಸಿ ಇಲ್ಲದ ಬೆಕ್ಕಿಗೆ ಬಯ್ಯತೊಡಗಿದರು. ಅದು ಊರ ಮುಂದಿನ ಅರಳಿಕಟ್ಟೆಯವರೆಗೂ ಕೇಳಿಸಿತು. ಇಷ್ಟು ವರ್ಷ ಒಳಗೆ ಹೊಗೆಯಾಡುತ್ತಿದ್ದದ್ದು ಇವತ್ತು ಹತ್ತಿಕೊಂಡಿತು ಎಂದು ಜನ ಓಡಿಬಂದರು. ನನ್ನ ಯಜಮಾನರು ಹೊಲದಿಂದ ಕೈಯಲ್ಲಿ ಬಾರುಕೋಲು ಹಿಡಿದುಕೊಂಡೇ ಬಂದರು. ಬಂದು ನೋಡಿದರೆ ಇಬ್ಬರು ಹೆಂಗಸರು ಒಬ್ಬರ ಮೇಲೊಬ್ಬರು ಒರಗಿಕೊಂಡು, ಒಮ್ಮೆ ಅಳುತ್ತಾ ಒಮ್ಮೆ ನಗುತ್ತಾ ಕೂತಿದ್ದಾರೆ.

"ಏನಾಯ್ತವ್ವ?" ಎಂದು ಕೇಳಿದರು.

"ಜಗಳ ಆಡ್ತಾ ಇದೀವಿ, ಹೋಗು ಅತ್ಲಾಗೆ" ಎಂದರು ಅತ್ತೆ.

ಕಲ್ಲು ಇದ್ದಲ್ಲೇ ಉಳಿಯಿತು. ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಕಂಡಿ ಮಾಡಿಸಿದರು. ಯಜಮಾನರು ಗೊಣಗುತ್ತಲೇ ಇಟ್ಟಿಗೆ ಕಿತ್ತರು. ಸ್ವಲ್ಪ ಕಾಲಕ್ಕೆ ಗಾವಡಗೆರೆಯಲ್ಲಿ ಹಿಟ್ಟಿನ ಮಿಷನ್ನು ಬಂತು, ಬೀಸುವುದೇ ನಿಂತಿತು. ಇಬ್ಬರೂ ಕಲ್ಲಿನ ಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಮಧ್ಯಾಹ್ನ ವಿಶ್ರಾಂತಿ ಮಾಡತೊಡಗಿದರು. ಶಾಂತಿಯಿಂದ ನನಗೊಂದು ನಷ್ಟವೂ ಆಯಿತು. ಅಲ್ಲಿಯವರೆಗೆ ನನ್ನ ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವವರು ಒಬ್ಬರಿದ್ದರು. ಈಗ ಇಬ್ಬರಾದರು. ಒಬ್ಬರು ಕಮ್ಮಿ ಎಂದರೆ ಇನ್ನೊಬ್ಬರು ಜಾಸ್ತಿ ಎಂದಾದರೂ ಹೇಳಬಾರದೇ ಎಂದು ನಾನು ಕಾಯುತ್ತಿದ್ದೆ. ಅವರಲ್ಲಿ ಭಿನ್ನಾಭಿಪ್ರಾಯವೇ ಬರಲಿಲ್ಲ.

ಮುಂದಿನ ವರ್ಷ ಅದೇ ಮೇಷ್ಟ್ರು, ಮೈಸೂರಿನಲ್ಲಿ ಕೆಲವು ತಿಂಗಳ ಮೇಲ್ತರಬೇತಿಗೆ ನನ್ನನ್ನು ಆರಿಸಿದ್ದೇವೆಂದು ಹೇಳಿಕಳಿಸಿದರು. ಇರಲು ಹಾಸ್ಟೆಲ್ಲು, ಜೊತೆಗೆ ಯಾರೂ ಬರುವಂತಿಲ್ಲ. ಯಜಮಾನರು ಅಷ್ಟು ದಿನ ಆಗುವುದಿಲ್ಲ ಎಂದರು. ಅಡಿಗೆ ಯಾರು ಮಾಡುತ್ತಾರೆ ಎಂದರು. ಅತ್ತೆ ಕಂಡಿಯ ಈ ಕಡೆಯಿಂದಲೂ ಚಿಕ್ಕತ್ತೆ ಆ ಕಡೆಯಿಂದಲೂ ಬಂದು ಅವರ ಎದುರಿಗೆ ಕೂತರು. "ನೀ ಈಗ ಅವ್ಳಾಗಿ ಮಾತಾಡು ನೋಡಾನ. ಓದ್ಬೇಕು ಅಂತ ಆಸೆ ಇರೋಳು ಏನಂತಾಳೆ, ಹೇಳು" ಎಂದರು ಅತ್ತೆ. ಯಜಮಾನರು ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. ಹೆಂಡತಿಯಾಗಿ ಮಾತಾಡುವುದಕ್ಕಿಂತ ಒಪ್ಪಿಕೊಳ್ಳುವುದೇ ಸುಲಭ ಎಂದು ಅನಿಸಿರಬೇಕು. "ಹೋಗ್ಲಿ ಬುಡಿ" ಎಂದರು.

ಹುಣಸೂರಿನ ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಇಬ್ಬರೂ ಬಂದರು. ಮುಂದಿನ ಸೀಟಿನಲ್ಲಿ ಕೂತಿದ್ದ ದಪ್ಪ ಮನುಷ್ಯರೊಬ್ಬರನ್ನು ಎಬ್ಬಿಸಿ ನನ್ನನ್ನು ಕೂರಿಸಬೇಕೆಂದು ಕಂಡಕ್ಟರಿಗೆ ಇಬ್ಬರೂ ಒಟ್ಟಿಗೆ ಹೇಳಿದರು. ಅವನು ಆಗುವುದಿಲ್ಲವೆಂದ. ಅವರು ಹಕ್ಕು ಎಂದರು. ಅವನು ರೂಲ್ಸು ಎಂದ. ದಪ್ಪ ಮನುಷ್ಯರು ಇಬ್ಬರ ಗಂಟಲನ್ನೂ ಸ್ವಲ್ಪ ಕೇಳಿ, ತಾವಾಗಿಯೇ ಎದ್ದು ಹಿಂದೆ ಹೋದರು. ಬಸ್ಸು ತಡವಾಗಿ ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ನನಗೆ ಕೈಬೀಸುವುದನ್ನು ಮರೆತು, ಇಬ್ಬರೂ ತಲೆ ಹತ್ತಿರ ತಂದುಕೊಂಡು ಏನೋ ಮಾತಾಡುತ್ತಾ ಸಂತೆಯ ಕಡೆಗೆ ಹೋಗುತ್ತಿದ್ದರು.