‘ಬರ್ತೀನಿ’ ಅಂದ ಮೇಲೆ

ನಮ್ಮ ಬಟ್ಲರ್ ತಾತನ ಎಡಗೈ ಯಾವಾಗಲೂ ಮೊಣಕೈ ಹತ್ತಿರ ಮಡಿಸಿಕೊಂಡೇ ಇರುತ್ತಿತ್ತು. ಪಾಪ, ಏನು ಪೆಟ್ಟು ಬಿದ್ದಿತ್ತೋ ಎಂದು ಹೊಸಬರು ಮರುಗುತ್ತಿದ್ದರು. ಪೆಟ್ಟೂ ಇಲ್ಲ, ಮಣ್ಣೂ ಇಲ್ಲ. ಮೂವತ್ತು ವರ್ಷ ಆ ಕೈಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡು ದೊರೆಗಳ ಊಟದ ಮೇಜಿನ ಪಕ್ಕ ನಿಂತೂ ನಿಂತೂ, ಕೆಲಸ ಹೋದ ಮೇಲೂ ಕೈ ಹಾಗೇ ಉಳಿದುಬಿಟ್ಟಿತ್ತು. ಮಾರ್ಕೆಟ್ಟಿನಲ್ಲಿ ದಂಟಿನ ಸೊಪ್ಪು ಕೊಳ್ಳುವಾಗಲೂ ಎಡಗೈ ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ತಲೆಯನ್ನಷ್ಟೇ ಬಗ್ಗಿಸಿ “ಕಟ್ಟು ಎಂಗವ್ವಾ?” ಎಂದು ಕೇಳುತ್ತಿದ್ದರು. ಸೊಪ್ಪಿನವಳು ನಾಚಿಕೊಂಡು ಒಂದು ಕಟ್ಟು ಹೆಚ್ಚಿಗೇ ಹಾಕುತ್ತಿದ್ದಳು.

ಲಷ್ಕರ್ ಮೊಹಲ್ಲಾದ ನಮ್ಮ ವಠಾರದಲ್ಲಿ ಕೊನೆಯ ಮನೆ ಅವರದು. ಮಗ, ಸೊಸೆ, ಅವರು. ಹುಟ್ಟಿದ್ದು ನಂಜನಗೂಡಿನ ಕಡೆಯ ಒಕ್ಕಲು ಮನೆಯಲ್ಲಿ. ಹುಡುಗರಾಗಿದ್ದಾಗಲೇ ಮೈಸೂರಿಗೆ ಬಂದು ಒಬ್ಬ ಬಿಳಿ ದೊರೆಯ ಬಂಗಲೆ ಸೇರಿದವರು. ಆ ಸಂಸಾರದ ಜೊತೆ ಎರಡು ಸಲ ಹಡಗಿನಲ್ಲಿ ಇಂಗ್ಲೆಂಡಿಗೂ ಹೋಗಿಬಂದಿದ್ದರು. ಸ್ವಾತಂತ್ರ್ಯ ಬಂತು, ದೊರೆಗಳು ಗಂಟುಮೂಟೆ ಕಟ್ಟಿದರು. ತಾತ ಹಿತ್ತಾಳೆ ಗುಂಡಿಯ ಬಿಳಿ ಕೋಟು, ಎರಡು ಮುಳ್ಳುಚಮಚ, ಎರಡು ಚಾಕು, ಒಂದು ಮೇಜಿನ ಬಟ್ಟೆ ಇಷ್ಟು ತೆಗೆದುಕೊಂಡು ವಠಾರಕ್ಕೆ ಬಂದರು.

ಆಗ ನಾನು ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ವಾರ್ಡಿನ ಕೆಲಸ ಕಲಿತು ಬರಲು ಒಂದು ವರ್ಷ ಇಂಗ್ಲೆಂಡಿಗೆ ಹೋಗಬೇಕೆಂದು ಆರ್ಡರು ಬಂದಾಗ ನನಗೆ ಇಪ್ಪತ್ತನಾಲ್ಕು. ಅಮ್ಮ ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟಳು. “ಸಮುದ್ರ ದಾಟಿದೋಳನ್ನ ಯಾರು ಮದ್ವೆ ಆಗ್ತಾರೆ? ಅಲ್ಲಿ ಏನು ತಿಂತೀಯೋ, ಯಾರ ಹತ್ರ ಏನು ಅನ್ನಿಸ್ಕೋತೀಯೋ!” ಎಂದು ಒಂದೇ ಸಮನೆ ಅಳು. ಅಳುವ ಸದ್ದಿಗೆ ತಾತ ಬಂದರು.

“ಅಳ್ಬೇಡ ಕಣವ್ವಾ. ಮಗೀನ ಎರಡು ತಿಂಗ್ಳು ನಂಗೆ ಬುಡು. ಅಲ್ಲಿ ಯಾರೂ ಇವಳ್ನ ಒಂದು ಮಾತು ಅನ್ನಬಾರ್ದು, ಅಂಗೆ ಮಾಡಿ ಕಳಿಸ್ತೀನಿ” ಎಂದರು.

ಪ್ರತಿ ಭಾನುವಾರ ಪಾಠ. ಹಳೇ ಸೀಮೆಎಣ್ಣೆ ಪೆಟ್ಟಿಗೆಯೇ ಮೇಜು. ಅದರ ಮೇಲೆ ಗಂಜಿ ಹಾಕಿದ ಬಿಳಿ ಬಟ್ಟೆ. ಎಡಕ್ಕೆ ಮುಳ್ಳುಚಮಚ, ಬಲಕ್ಕೆ ಚಾಕು, ನಡುವೆ ತಟ್ಟೆಯಲ್ಲಿ ರಾಗಿಮುದ್ದೆ! ನನಗೆ ನಗು ತಡೆಯಲಾಗಲಿಲ್ಲ. ತಾತ ನಗಲಿಲ್ಲ.

“ನಮ್ ದೊರೆ ಒಂದ್ಸಲ ನಮ್ಮೂರಿಗೆ ಬಂದು ಮುದ್ದೆ ಉಂಡ್ರು. ನುಂಗೋದು ಗೊತ್ತಿಲ್ಲ. ಅಗಿದ್ರು, ಅಗಿದ್ರು, ದನ ಮೆಲುಕು ಹಾಕ್ದಂಗೆ. ನಮ್ಮವ್ವ ಸೆರಗು ಬಾಯಿಗಿಟ್ಕೊಂಡು ನಕ್ಲು. ಆಮ್ಯಾಲೆ ಅವ್ಳೇ ಪಕ್ಕದಲ್ಲಿ ಕುಂತು, ಸಾರಲ್ಲಿ ಅದ್ದಿ ‘ಇಂಗೆ ನುಂಗಪ್ಪಾ’ ಅಂತ ತೋರಿಸ್ಕೊಟ್ಲು. ದೊರೆ ‘ತಪ್ಪಾಯ್ತು ತಾಯಿ’ ಅಂದು ನುಂಗಿದ್ರು. ಸಾಯೋಗಂಟ ನಮ್ಮವ್ವ ಅವರ ಕ್ಷೇಮ ಕೇಳ್ತಿದ್ಲು. ತಿಳೀತಾ? ಅಲ್ಲಿ ನೀನು ಮುದ್ದೆ ಅಗಿಯೋಳು. ನಗ್ತಾರೆ. ನಗಲಿ ಬುಡು. ಆದ್ರೆ ತಪ್ಪು ಮಾಡಿ ಮ್ಯಾಲೆ ವಾದ ಮಾಡ್ಬೇಡ. ‘ತಪ್ಪಾಯ್ತು’ ಮೊದ್ಲು, ಕಾರಣ ಆಮ್ಯಾಲೆ.”

ಈ ಮಾತನ್ನು ಅವರು ನೂರು ಸಲವಾದರೂ ಹೇಳಿರಬೇಕು. ಇನ್ನೊಂದು ಮಾತೂ ಇತ್ತು: “ಮೊದ್ಲು ಕಣ್ ಬುಟ್ಟು ನೋಡು, ಆಮ್ಯಾಲೆ ಬಾಯಿ ಬುಡು.” ಸೂಪು ಕುಡಿಯುವಾಗ ಸೊರ್ ಅನ್ನಬಾರದು, ಬಸ್ಸಿಗೆ ಸಾಲಿನಲ್ಲಿ ನಿಲ್ಲಬೇಕು, ಮೊದಲ ಭೇಟಿಯಲ್ಲೇ ‘ನಿಮಗೆ ಎಷ್ಟು ಮಕ್ಕಳು, ಸಂಬಳ ಎಷ್ಟು’ ಎಂದು ಕೇಳಬಾರದು. “ಸಂಬಳ ಕೇಳ್ಬಾರ್ದಾ? ಮತ್ತೆ ಮಾತಾಡೋದೇನು?” ಎಂದಳು ಅಮ್ಮ. “ಮಳೆ ವಿಚಾರ ಕಣವ್ವಾ. ಅವರಿಗೆ ಮಳೆ ಒಂದಿದ್ರೆ ಸಾಕು, ಸಾಯಂಕಾಲದಗಂಟ ಮಾತಾಡ್ತಾರೆ” ಎಂದರು ತಾತ. ಅಮ್ಮ ಅವತ್ತು ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು.

ಹೊರಡುವ ದಿನ ರೈಲ್ವೆ ಸ್ಟೇಷನ್ನಿಗೆ ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು ಬಂದಿದ್ದರು. ನಾನು ಅಳುತ್ತಾ ಕಾಲಿಗೆ ಬಿದ್ದು “ಹೋಗ್ತೀನಿ ತಾತ” ಎಂದೆ. ಅಷ್ಟೇ ಸಾಕಾಯಿತು.

“ಥೂ, ಬುಡ್ತು ಅನ್ನು! ಓಯ್ತೀನಿ ಅಂತಾರಾ ಯಾರಾದ್ರೂ? ಸತ್ತೋರು ಓಗೋದು ಕಣೇ. ಬತ್ತೀನಿ ಅನ್ನು. ಎಲ್ಲೇ ಇರು, ಯಾರ ಮನೆಯಿಂದ್ಲೇ ಒರಡು, ‘ಬತ್ತೀನಿ’ ಅಂದು ಒರಡಬೇಕು.”

“ಬಿಡ್ತು. ಬರ್ತೀನಿ ತಾತ” ಎಂದೆ. ರೈಲು ಹೊರಟಿತು.

ಇಂಗ್ಲೆಂಡಿನಲ್ಲಿ ನನ್ನ ವಾರ್ಡಿನ ಮುಖ್ಯಸ್ಥೆಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಮಹಾ ಖಡಕ್ ಹೆಂಗಸು. ಮೂರು ತಿಂಗಳಿಗೆ ಆಕೆ ಬರೆಯುವ ರಿಪೋರ್ಟಿನ ಮೇಲೆ ನಾನು ವರ್ಷ ಪೂರ್ತಿ ಇರುವುದೋ, ವಾಪಸು ಹಡಗು ಹತ್ತುವುದೋ ತೀರ್ಮಾನ. ವಾಪಸು ಬಂದರೆ ಅಮ್ಮ ಹೇಳಿದ್ದೆಲ್ಲ ನಿಜವಾದ ಹಾಗೆ. ಒಂದು ಭಾನುವಾರ ಸಿಸ್ಟರ್ ನನ್ನನ್ನು ಮನೆಗೆ ಟೀಗೆ ಕರೆದರು. ಮನೆಯಲ್ಲಿ ಅವರು, ಅವರ ಮುದಿ ತಾಯಿ, ಇಬ್ಬರೇ. ನಾನು ಸೊರ್ ಅನ್ನಲಿಲ್ಲ, ಸಂಬಳ ಕೇಳಲಿಲ್ಲ, ಮಳೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ತಾತ ನೋಡಿದ್ದರೆ ಬೀಗುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ಕೈಮುಗಿದು, ನಮ್ಮ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ, “ಐ ವಿಲ್ ಕಮ್” ಎಂದೆ.

ಅಜ್ಜಿ ಮುಖ ಅರಳಿಸಿ, ಮುಂದಿನ ಭಾನುವಾರವೇ, ನಾಲ್ಕು ಗಂಟೆಗೇ ಎಂದು ಏನೋ ಕೇಳಿದಳು. ಉಪಚಾರದ ಮಾತು ಎಂದುಕೊಂಡು ನಮ್ಮ ಮೈಸೂರಿನ ಹಾಗೆ ಧಾರಾಳವಾಗಿ ತಲೆಯಾಡಿಸಿಬಿಟ್ಟೆ.

ಮುಂದಿನ ಭಾನುವಾರ ನಾಲ್ಕು ಗಂಟೆಗೆ ನಾನು ಹಾಸ್ಟೆಲಿನಲ್ಲಿ ಸೀರೆ ಒಗೆಯುತ್ತಿದ್ದೆ. ಅಲ್ಲಿ ಆ ಅಜ್ಜಿ, ರೇಷನ್ನಿನಲ್ಲಿ ಸಿಕ್ಕಿದ್ದರಲ್ಲಿ ತನಗೆಂದು ಎತ್ತಿಟ್ಟಿದ್ದ ಸಕ್ಕರೆಯಲ್ಲಿ ನನಗಾಗಿ ಕೇಕು ಮಾಡಿ, ಬೆಳಕು ಹೋಗುವ ತನಕ ಕಿಟಕಿ ಹತ್ತಿರ ಕೂತಿದ್ದಳಂತೆ. ಸೋಮವಾರ ಸಿಸ್ಟರ್ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಕರೆದು, “ಮುದುಕಿಗೆ ಕೊಟ್ಟ ಮಾತು ಉಳಿಸಿಕೊಳ್ಳದವಳ ಕೈಗೆ ಹಸುಗೂಸನ್ನು ಹೇಗೆ ಕೊಡಲಿ?” ಎಂದರು.

ನನ್ನ ನಾಲಿಗೆ ತುದಿಯಲ್ಲಿ ವಾದ ಸಿದ್ಧವಾಗಿತ್ತು. ನಾನೇನು ಮಾತು ಕೊಟ್ಟೆ? ನಮ್ಮಲ್ಲಿ ಹಾಗೆ ಅನ್ನುವುದು ವಾಡಿಕೆ! ಬಾಯಿ ತೆರೆದೆ. ಸೀಮೆಎಣ್ಣೆ ಪೆಟ್ಟಿಗೆ, ಅದರಾಚೆ ಮಡಿಸಿದ ಕೈ ಕಣ್ಣಿಗೆ ಕಟ್ಟಿತು. “ತಪ್ಪಾಯ್ತು ಸಿಸ್ಟರ್” ಎಂದೆ. ಮುಂದಕ್ಕೆ ಒಂದಕ್ಷರ ಸೇರಿಸಲಿಲ್ಲ.

ಅದರ ಮುಂದಿನ ಭಾನುವಾರ ಯಾರೂ ಕರೆಯದಿದ್ದರೂ ಅವರ ಮನೆಗೆ ಹೋದೆ. ಗಡಿಯಾರದಲ್ಲಿ ನಾಲ್ಕು ಹೊಡೆಯುವಾಗ ಬಾಗಿಲು ತಟ್ಟಿದೆ. ಅಜ್ಜಿ ತೆರೆದಳು. ಅವಳಿಗೂ ತಪ್ಪಾಯ್ತು ಎಂದೆ. ಅವಳು ಕೈಹಿಡಿದು ಒಳಗೆ ಕೂರಿಸಿದ ಮೇಲೆಯೇ ಕಾರಣ ಹೇಳಿದ್ದು: ನಮ್ಮೂರಲ್ಲಿ ಹೋಗ್ತೀನಿ ಅನ್ನಬಾರದು, ಹೋಗುವವರು ಸತ್ತವರು, ಬದುಕಿರುವವರು ಬರ್ತೀನಿ ಅನ್ನಬೇಕು. ಅಜ್ಜಿ ಕಣ್ಣೊರೆಸಿಕೊಂಡಳು. ಅವಳ ಮಗನೊಬ್ಬ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಸಿಸ್ಟರ್ ಮಾತ್ರ ಟೀ ಬಗ್ಗಿಸುತ್ತಾ, “ಒಳ್ಳೇ ಪದ್ಧತಿ. ಇಲ್ಲಿರುವಷ್ಟು ದಿನ ಅದರ ಜೊತೆಗೆ ಎಷ್ಟು ಗಂಟೆಗೆ ಅಂತಲೂ ಸೇರಿಸಿ ಹೇಳು” ಎಂದರು. ರಿಪೋರ್ಟು ಚೆನ್ನಾಗಿಯೇ ಬಂತು.

ಇದನ್ನೆಲ್ಲ ತಾತನಿಗೆ ಬರೆದೆ. ನೀವೇ ಹೇಳಿಕೊಟ್ಟ ಮಾತು ನನ್ನನ್ನು ಮುಳುಗಿಸುತ್ತಿತ್ತಲ್ಲ ಎಂದು ತಮಾಷೆಯಾಗಿಯೇ ಬರೆದೆ. ಅವರು ಹೇಳಿ ಸೊಸೆಯ ಕೈಲಿ ಬರೆಸಿದ ಉತ್ತರ ಬಂತು:

“ತಪ್ಪು ನಂದು ಕಣಮ್ಮ. ಮೂವತ್ತು ವರ್ಷ ಅವರ ಮನೇಲಿ ಇದ್ದೆ. ಊಟಕ್ಕೆ ಬಾ ಅಂತ ಯಾರೂ ನನ್ನ ಕರೀಲಿಲ್ಲ. ಬಡಿಸೋದು ಬಲ್ಲೆ. ಉಂಡು ಎದ್ದೋರು ಬಾಗಿಲಲ್ಲಿ ಏನಂತಾರೆ ಅನ್ನೋದು ನಂಗೆಂಗೆ ಗೊತ್ತಾಗಬೇಕು? ಅಷ್ಟೊತ್ತಿಗೆ ನಾನು ತಟ್ಟೆ ತೊಳೀತಾ ಇರ್ತಿದ್ದೆ.”

ಆ ಕಾಗದ ಓದಿ ಅತ್ತ ಹಾಗೆ ಆ ದೇಶದಲ್ಲಿ ಇನ್ನಾವುದಕ್ಕೂ ನಾನು ಅಳಲಿಲ್ಲ.

ವರ್ಷ ಮುಗಿಸಿ ಬಂದ ಮೊದಲ ಭಾನುವಾರವೇ ನಮ್ಮ ಮನೆಯಲ್ಲಿ ಮೇಜು ಹಾಕಿದೆ. ಅಮ್ಮ ಮುದ್ದೆ, ಉಪ್ಪುಸಾರು ಮಾಡಿದಳು. ನಾನು ಎಡಗೈ ಮೇಲೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಕೊನೆಯ ಮನೆಗೆ ಹೋಗಿ “ತಾತ, ಊಟಕ್ಕೆ ದಯಮಾಡಿಸಬೇಕು” ಎಂದೆ. ಬಂದರು. ಕುರ್ಚಿಯ ಹಿಂದೆಯೇ ನಿಂತರು.

“ಮೇಜಿನ ಈ ಕಡೆ ನಂಗೆ ಗೊತ್ತಿಲ್ಲ ಕಣಮ್ಮ. ಬ್ಯಾಡ, ನೆಲದ ಮ್ಯಾಲೆ ಹಾಕ್ಬುಡು.”

“ಮೊದ್ಲು ಕಣ್ ಬುಟ್ಟು ನೋಡಿ. ತಾನಾಗೇ ಬರತ್ತೆ” ಎಂದೆ.

“ಅಬ್ಬಾ, ನನಗೇ ಪಾಠ!” ಎಂದು ಕೂತರು. ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ಕೊನೆಗೆ ನಿಧಾನವಾಗಿ ಬಿಡಿಸಿ ಮಂಡಿಯ ಮೇಲೆ ಇಟ್ಟುಕೊಂಡರು. ಎರಡು ಮುದ್ದೆ ಉಂಡರು. ಬಾಗಿಲಲ್ಲಿ ತಿರುಗಿ “ಬತ್ತೀನಿ ಕಣವ್ವಾ” ಎಂದರು ಅಮ್ಮನಿಗೆ. “ಎಷ್ಟೊತ್ತಿಗೆ?” ಎಂದೆ ನಾನು. ಮೂವರೂ ನಕ್ಕೆವು.

ಅವತ್ತಿನಿಂದ ಅದೇ ನಮ್ಮ ಆಟ. ನಾನು ಬರ್ತೀನಿ ಅಂದರೆ ಅವರು ಎಷ್ಟೊತ್ತಿಗೆ ಅನ್ನಬೇಕು, ನಾನು ಗಂಟೆ ಹೇಳಬೇಕು, ಹೇಳಿದ ಗಂಟೆಗೆ ಹೋಗಬೇಕು. ಮದುವೆಯಾಗಿ ವಿದ್ಯಾರಣ್ಯಪುರಕ್ಕೆ ಹೋದ ಮೇಲೂ ತಪ್ಪಿಸಲಿಲ್ಲ. ಹ್ಞಾಂ, ಮದುವೆಯಾಯಿತು, ಸಮುದ್ರ ದಾಟಿದವಳನ್ನೂ ಆಗುವವರಿದ್ದರು. ಕೊನೆಯ ವರ್ಷ ತಾತನ ಎದೆ ಸೋತಿತ್ತು. ದಿನವೂ ಹೋಗಿ ಇಂಜೆಕ್ಷನ್ ಕೊಡುತ್ತಿದ್ದೆ.

ಆ ದಿನ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟು “ಬರ್ತೀನಿ ತಾತ” ಎಂದೆ. ಕಣ್ಣು ಮುಚ್ಚಿಕೊಂಡೇ “ಎಷ್ಟೊತ್ತಿಗೆ?” ಎಂದರು. “ನಾಲ್ಕಕ್ಕೆ.”

ನಾಲ್ಕಕ್ಕೆ ಸರಿಯಾಗಿಯೇ ಹೋದೆ. ವಠಾರದವರೆಲ್ಲ ಬಾಗಿಲಲ್ಲಿದ್ದರು. ತಾತನನ್ನು ಚಾಪೆಯ ಮೇಲೆ ಮಲಗಿಸಿ ತಲೆಯ ಹತ್ತಿರ ದೀಪ ಹಚ್ಚಿದ್ದರು. ಎಡಗೈಯನ್ನು ಯಾರೋ ನೇರ ಮಾಡಿ ಪಕ್ಕಕ್ಕೆ ಇಟ್ಟಿದ್ದರು. ಆ ನೇರವಾದ ಕೈಯನ್ನು ನೋಡುವುದು ನನ್ನಿಂದ ಆಗಲಿಲ್ಲ.

ಸೊಸೆ ನನ್ನ ಕೈಹಿಡಿದುಕೊಂಡು ಅತ್ತಳು. “ಮೂರು ಗಂಟೇಲಿ ಎದ್ದು ಕುಂತ್ರು ಕಣಕ್ಕಾ. ‘ನರ್ಸಮ್ಮ ನಾಲ್ಕಕ್ಕೆ ಬತ್ತೀನಿ ಅಂದವಳೆ, ಬಂದೇ ಬತ್ತಾಳೆ, ಮೇಜು ಹಾಕು’ ಅಂದ್ರು. ನಾನು ಹಾಕಿ ತಿರುಗಿ ನೋಡೋ ಅಷ್ಟ್ರಲ್ಲಿ...”

ಮೂಲೆಯಲ್ಲಿ ಸೀಮೆಎಣ್ಣೆ ಪೆಟ್ಟಿಗೆ, ಅದರ ಮೇಲೆ ಬಿಳಿ ಬಟ್ಟೆ, ಒಂದು ತಟ್ಟೆ. ಗಾಬರಿಯಲ್ಲಿ ಅವಳು ಮುಳ್ಳುಚಮಚವನ್ನು ಬಲಗಡೆ ಇಟ್ಟಿದ್ದಳು. ಹೋಗಿ ಎಡಗಡೆಗೆ ಇಟ್ಟೆ.

ಸಾವಿನ ಮನೆಯಿಂದ ಹೊರಡುವಾಗ ಮಾತ್ರ ‘ಬರ್ತೀನಿ’ ಅನ್ನಬಾರದು, ಸುಮ್ಮನೆ ಎದ್ದು ಬಂದುಬಿಡಬೇಕು. ಅದು ನಮ್ಮ ಕಡೆಯ ರೀತಿ. ಯಾವ ದೇಶದ ರೀತಿಯನ್ನೂ ಮೀರಬೇಡ ಎಂದು ಕಲಿಸಿದವರ ಮನೆ ಅದು. ಆ ಬಾಗಿಲಲ್ಲಿ ನಾನು ಮೊದಲ ಸಲ ಏನೂ ಹೇಳದೆ ಹೊಸಿಲು ದಾಟಿದೆ. ಎಷ್ಟೊತ್ತಿಗೆ ಎಂದು ಯಾರೂ ಕೇಳಲಿಲ್ಲ.