ವೆಂಡೆಲ್ ಊರು ನೋಡುವುದು

ಡೆನ್ವರಿನ ವೆಂಡೆಲ್ ಕ್ರಾಟ್ಜ್‌ಗೆ ಇಬ್ಬರು ಹೆಣ್ಣುಮಕ್ಕಳು. ಅವರು ಗುಡ್ಡ, ಹೊಳೆ, ಬಯಲಲ್ಲಿ ಆಡಿಕೊಂಡೇ ಬೆಳೆಯಬೇಕೆಂದು ಆತ ಒಂಬತ್ತು ವರ್ಷದಿಂದ ತಕ್ಕ ಊರು ಹುಡುಕುತ್ತಿದ್ದಾನೆ. ಶನಿವಾರ ಬೆಳಗಾದರೆ ಸಾಕು, ಮಕ್ಕಳನ್ನು ಕಾರಿನ ಹಿಂದಿನ ಸೀಟಿಗೆ ಬಿಗಿದು ಹೊರಟುಬಿಡುತ್ತಾನೆ. ಊರು ಸೇರಿದೊಡನೆ ಶಾಲೆಯ ಬಾಗಿಲಿಂದ ಕಾಡಿನ ಕಾಲುದಾರಿಯವರೆಗೆ ಹೆಜ್ಜೆ ಎಣಿಸುತ್ತಾನೆ. ಮಕ್ಕಳು ಕಾರಿನಲ್ಲೇ ಇರಬೇಕು, ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ. ಆಮೇಲೆ ದಾರಿಹೋಕರ ವಿಚಾರಣೆ: "ಇಲ್ಲಿ ಕರಡಿ ಬರುತ್ತಾ?" ಬರುತ್ತದೆ ಎಂದರೆ ಮಕ್ಕಳಿಗೆ ಅಪಾಯ, ಬರುವುದಿಲ್ಲ ಎಂದರೆ "ಹಾಗಾದ್ರೆ ಇದೆಂಥ ಕಾಡು!" ಹೆಣ್ಣು ನೋಡಲು ಹೋದವರೂ ಇಷ್ಟು ಕೊಂಕು ತೆಗೆಯುವುದಿಲ್ಲ. ಹೆಂಡತಿ ಲೋರ್ನಾ, "ನಿನಗೆ ಒಪ್ಪೋ ಊರನ್ನ ದೇವರು ಇನ್ನೂ ಮಾಡಿಲ್ಲ ಮಾರಾಯ, ಅರ್ಜಿ ಹಾಕ್ಕೋ" ಎಂದರೆ, "ಬಾಲ್ಯ ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?" ಎಂದು ರೇಗುತ್ತಾನೆ. ಊರು ಸಿಕ್ಕ ದಿನ ಹಾಕಿಕೊಳ್ಳಲೆಂದು ವರ್ಷವರ್ಷವೂ ಮಕ್ಕಳಿಗೆ ಬೆಟ್ಟ ಹತ್ತುವ ಬೂಟು ತರುತ್ತಾನೆ. ಕಾಲು ಬೆಳೆಯುತ್ತದೆ, ಮಣ್ಣು ಕಾಣದ ಬೂಟು ಕಪಾಟು ಸೇರುತ್ತದೆ. ನಗುವುದು ಸುಲಭ. ಆದರೆ ವೆಂಡೆಲ್ ಬೆಳೆದದ್ದು ಷಿಕಾಗೋದ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ. ಅಮ್ಮ ಕೆಲಸದಿಂದ ಬರುವವರೆಗೆ ಬಾಗಿಲಿಗೆ ಹೊರಗಿನಿಂದ ಬೀಗ. ಕಿಟಕಿಯಿಂದ ಕಾಣುತ್ತಿದ್ದ ಒಂದೇ ಒಂದು ಮರವನ್ನು ಅವನು ಯಾವತ್ತೂ ಮುಟ್ಟಿದವನಲ್ಲ. ಕಳೆದ ಶನಿವಾರ ಹೊರಡುವ ಹೊತ್ತಿಗೆ ಚಿಕ್ಕವಳು ಹ್ಯಾಟಿ ಕಾಣಲಿಲ್ಲ. ನೋಡಿದರೆ, ಹಿತ್ತಲಾಚೆಯ ಕಾಲುವೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ಬರಿಗಾಲಲ್ಲಿ ನಿಂತು ಕಪ್ಪೆ ಹಿಡಿಯುತ್ತಿದ್ದಾಳೆ. "ಬೇಗ ಕಾಲು ತೊಳ್ಕೊಂಡು ಕಾರು ಹತ್ತೇ!" ಎಂದು ವೆಂಡೆಲ್ ಕೂಗಿದ. "ನೀನು ಕೆಸರಲ್ಲಿ ಆಡೋಕೆ ಒಂದು ಊರು ನೋಡ್ಬೇಕು, ಹೊತ್ತಾಯ್ತು!"