ಮನೆಯ ಪದ್ಧತಿ ಮತ್ತು ಆರಿದ ದೀಪ

ನಮ್ಮದು ಲಕ್ಷ್ಮೇಶ್ವರದಲ್ಲಿ ಗುಡಿಯ ಪೂಜೆ ಮಾಡುವ ಮನೆತನ. ದೇವರ ಕೋಣೆಯಲ್ಲಿ ಹಗಲಿರುಳು ಉರಿಯುವ ನಂದಾದೀಪವಿತ್ತು. ಹಿಂದೆ ಯಾವಳೋ ಮಗಳು ಬೇರೆ ಜಾತಿಯವನನ್ನು ಮದುವೆಯಾದಾಗ ಅದು ತಾನಾಗಿ ಆರಿತಂತೆ, ವರ್ಷದೊಳಗೆ ಮನೆಯಲ್ಲಿ ಮೂರು ಹೆಣ ಬಿದ್ದವಂತೆ. ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ನಾನು ಅವಳ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಆ ದೀಪಕ್ಕೆ ಮೂರು ಹೊತ್ತೂ ಎಣ್ಣೆ ಹಾಕುವುದು ಹತ್ತು ವರ್ಷದ ನನ್ನ ಕೆಲಸವಾಗಿತ್ತು.

ಕನ್ನಡ ನಾಡು ಒಂದಾಗಲಿದ್ದ ವರ್ಷದ ಬೇಸಿಗೆ ಅದು. ಶಾಲೆಯ ಮಾಸ್ತರರಾಗಿದ್ದ ಅಪ್ಪ ಶಿರಹಟ್ಟಿ, ಮುಂಡರಗಿಯ ಸಭೆಗಳಲ್ಲಿ "ಹೊಳಿ ಆಚಿಯವರು, ಈಚಿಯವರು ಎಲ್ಲಾರೂ ಒಂದ ಮನಿ ಮಂದಿ" ಎಂದು ಭಾಷಣ ಮಾಡಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದರು. ಅದನ್ನು ನಿಜವೆಂದು ನಂಬಿದವಳು ಅವರ ತಂಗಿಯೊಬ್ಬಳೇ ಇರಬೇಕು. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದ ನನ್ನ ಸೋದರತ್ತೆ ರಜೆಗೆ ಬಂದವಳು, ಬೆಟಗೇರಿಯ ನೇಕಾರರ ಮನೆಯ ಮಾಸ್ತರನೊಬ್ಬನನ್ನು ಮದುವೆಯಾಗುವುದಾಗಿ ಹೇಳಿಬಿಟ್ಟಳು.

ಅಪ್ಪ ಬೈಯಲಿಲ್ಲ. "ನನ್ನದೇನೂ ಅಡ್ಡಿ ಇಲ್ಲವಾ. ಆದ್ರ ಮನಿ ಪದ್ಧತಿ ಅಂತ ಒಂದು ಐತಿ. ಹುಣ್ಣಿವಿ ತನಕಾ ದೀಪ ಉರೀಲಿ, ನಾನ ಮುಂದ ನಿಂತು ಅಕ್ಕಿಕಾಳು ಹಾಕಿಸ್ತೀನಿ" ಎಂದರು.

ಹುಣ್ಣಿಮೆಗೆ ಎಂಟು ದಿನವಿತ್ತು. ಅತ್ತೆ ನಕ್ಕು, "ನನ್ನ ಲಗ್ನ ನಿನ್ನ ಕೈಯಾಗ ಐತಿ ನೋಡು" ಎಂದು ನನ್ನ ಗಲ್ಲ ಹಿಂಡಿದಳು. ಅವಳಿಗೆ ಅದು ಚೇಷ್ಟೆ, ನನಗೆ ಜೀವಭಯ. ಉಣ್ಣುವಾಗಲೂ ಎದ್ದು ಹೋಗಿ ದೀಪ ನೋಡಿ ಬರುತ್ತಿದ್ದೆ.

ಏಳನೆಯ ದಿನ ಪಕ್ಕದ ಮನೆಯಲ್ಲಿ ಶಾವಿಗೆ ಹೊಸೆಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿ ಬರೋಣವೆಂದು ಹೋದವಳು ಅಲ್ಲೇ ಕೂತುಬಿಟ್ಟೆ. ನೆನಪಾಗಿ ಓಡಿ ಬರುವಷ್ಟರಲ್ಲಿ ದೀಪ ಆರಿತ್ತು.

ನನ್ನ ಹಿಂದೆಯೇ ಅಪ್ಪ ಒಳಗೆ ಬಂದರು. ಹಣತೆಯೊಳಗೆ ಬೆರಳಾಡಿಸಿದರು. ಒಂದು ಹನಿ ಎಣ್ಣೆ ಇರಲಿಲ್ಲ. ಅವರು ನನ್ನ ಕಡೆ ನೋಡಿದರು. ಕಪಾಳಕ್ಕೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ಎಣ್ಣೆಯ ಗಿಂಡಿ ಎತ್ತಿ, ಆರಿದ ಹಣತೆಗೆ ಅಂಚಿನ ತನಕ ಎಣ್ಣೆ ಸುರಿಯುತ್ತಿದ್ದರು. ಆಮೇಲೆ ಅಜ್ಜಿಯನ್ನು ಕರೆದರು.

"ಅವ್ವಾ, ಇಲ್ಲಿ ಬಂದು ನೋಡು. ಎಣ್ಣಿ ತುಂಬೇತಿ, ಆದ್ರೂ ದೀಪ ಆರೇತಿ."

ಅಜ್ಜಿ ದೀಪದ ಮುಂದೆ ನಿಂತು ಗಲ್ಲ ಬಡಿದುಕೊಂಡಳು. ಅತ್ತೆ ಬಂದು ದೀಪ ನೋಡಿದಳು, ನನ್ನನ್ನು ನೋಡಿದಳು. ಮುಖದಲ್ಲಿ ನಗು ಇರಲಿಲ್ಲ.

"ಮಧ್ಯಾಹ್ನ ಎಣ್ಣಿ ಹಾಕಿದ್ದಿ ಏನವಾ? ಖರೆ ಹೇಳು."

ಅವಳ ಹಿಂದೆ ಅಪ್ಪ ನಿಂತಿದ್ದರು. ಹೆದರಿಸಲಿಲ್ಲ, ಕಣ್ಣು ಬಿಡಲಿಲ್ಲ. ಎಣ್ಣೆಯಾದ ಕೈಯನ್ನು ಸುಮ್ಮನೆ ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು. ಅಲ್ಲಿಯ ತನಕ ನಾನು ಹೆದರಿದ್ದು ದೇವರಿಗೆ. ಆ ಹೊತ್ತು ಅಪ್ಪನಿಗೆ ಹೆದರಿದಷ್ಟು ಮುಂದೆಂದೂ ಯಾರಿಗೂ ಹೆದರಿಲ್ಲ.

"ಹಾಕಿದ್ದೆ, ಅತ್ತಿ" ಎಂದೆ.

ಅತ್ತೆ ನನ್ನ ಮಾತು ನಂಬಿದಳು. ಬೆಟಗೇರಿಗೆ ಕಾಗದ ಬರೆಯಬೇಕು, ಮಸಿ ದೌತಿ ತಾ ಎಂದಳು. ತಂದುಕೊಟ್ಟೆ.